ಹತ್ತಕ್ಕೆ ಒಂಬತ್ತು

ಹೊಲಿಗೆ ಮಿಷನ್ ರಿಪೇರಿ ಮಾಡುವವನ ಕಿವಿ ಎಂಥದ್ದು ಎಂದು ಗೊತ್ತಿಲ್ಲದಿದ್ದರೆ ಕೇಳಿ. ಸೂಜಿಯಪ್ಪ ತನ್ನ ಅಂಗಡಿಯಲ್ಲಿ ಕೂತು ಟೀ ಕುಡಿಯುತ್ತಿರುವಾಗ ಎದುರು ಸಾಲಿನ ಮೂರನೇ ಮಹಡಿಯಲ್ಲಿ ಯಾರಾದರೂ ಮಿಷನ್ ಓಡಿಸಿದರೆ ಸಾಕು, "ಬೆಲ್ಟು ಸಡಿಲ ಆಗಿದೆ, ಇನ್ನೊಂದು ವಾರ ಅಷ್ಟೆ" ಎಂದುಬಿಡುತ್ತಿದ್ದ. ವಾರ ಕಳೆಯುವುದರೊಳಗೆ ಆ ಮಿಷನ್ ಇವನ ಬೆಂಚಿನ ಮೇಲೆ ಹಾಜರ್. ನಿಮಿಷಕ್ಕೆ ಎಷ್ಟು ಹೊಲಿಗೆ ಬೀಳುತ್ತಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವ ಆಸಾಮಿ ಅವನು. ಅಂಥವನ ಕಿವಿಯೇ ಹಾಡುಹಗಲು ಮೋಸ ಹೋಯಿತು ಎಂದರೆ ನಂಬುತ್ತೀರಾ? ನಂಬಲೇಬೇಕು, ಪುಸ್ತಕದಲ್ಲಿ ಬರೆದಿಟ್ಟಿದೆ.

ಸೂಜಿಯಪ್ಪ ಎನ್ನುವುದು ಅವನ ಹೆಸರಲ್ಲ, ಅಡ್ಡಹೆಸರು. ಅರ್ಧ ಕಸುಬಿನಿಂದ ಬಂತು, ಇನ್ನರ್ಧ ನಾಲಿಗೆಯಿಂದ. ಆ ನಾಲಿಗೆಯ ಪ್ರತಾಪ ನೋಡಬೇಕಿದ್ದರೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಬರಬೇಕು. ಅಂಗಡಿಯ ಷಟರ್ ಅರ್ಧ ಇಳಿದಿರುತ್ತದೆ. ಬಗ್ಗಿ ಒಳಗೆ ನುಸುಳಿ, ಬಿಚ್ಚಿಟ್ಟ ಮಿಷನ್ನುಗಳ ನಡುವೆ ದಾರಿ ಮಾಡಿಕೊಂಡು ಹೋದರೆ ಹಿಂದೊಂದು ಕೋಣೆ, ಕೋಣೆಗೆ ಅಂಟಿಕೊಂಡ ಹಾಗೆ ಅಡುಗೆಮನೆ. ಕೋಣೆಯಲ್ಲಿ ರೆಕಾರ್ಡ್ ಪ್ಲೇಯರ್, ಎರಡು ಸ್ಪೀಕರ್, ಗೋಡೆ ತುಂಬ ಜಾಝ್ ರೆಕಾರ್ಡು, ಮತ್ತು ಮೂರೇ ಮೂರು ಜನ. ಒಬ್ಬ ಸೂಜಿಯಪ್ಪ. ಇನ್ನೊಬ್ಬರು ಮೂಲೆಮನೆ ಕ್ಲಿನಿಕ್ಕಿನ ಹಲ್ಲಿನ ಡಾಕ್ಟ್ರಮ್ಮ. ಮತ್ತೊಬ್ಬರು ಭೂಗೋಳದ ಮೇಷ್ಟ್ರು. ಮೇಷ್ಟ್ರ ಜೇಬಿನಲ್ಲಿ ಸದಾ ಒಂದು ಸ್ಟಾಪ್‌ವಾಚು, ಒಂದು ಪೆನ್ಸಿಲ್ಲು. ತಪ್ಪು ಕಂಡಲ್ಲಿ ತಿದ್ದದೆ ಬಿಟ್ಟರೆ ಅವರಿಗೆ ಅನ್ನ ಇಳಿಯುವುದಿಲ್ಲ. ಹೋಟೆಲಿನ ಮೆನು ಕಾರ್ಡನ್ನೂ ತಿದ್ದಿ ಬಂದವರು.

ಪ್ರತಿ ವಾರ ಹೊಸದಾಗಿ ಬಿಡುಗಡೆಯಾದ ಒಂದು ಜಾಝ್ ಆಲ್ಬಮ್ ಕೇಳುವುದು, ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕುವುದು, ಅಭಿಪ್ರಾಯವನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯುವುದು. ಇದೇ ಅವರ ಕೆಲಸ. ಯಾರು ಓದುತ್ತಾರೆ ಎಂದು ಕೇಳಬೇಡಿ, ಅವರವರೇ ಓದಿಕೊಂಡು ಅವರವರೇ ನಗುತ್ತಾರೆ. ಒಂದು ಪಿಯಾನೋ ಆಲ್ಬಮ್ಮಿಗೆ ಸೂಜಿಯಪ್ಪ ಬರೆದಿದ್ದ: "ಮಗು ಮಲಗಿದ ಮನೆಯಲ್ಲಿ ಓಡಾಡಿದ ಹಾಗೆ ನುಡಿಸುತ್ತಾನೆ. ಮಗು ಒಮ್ಮೆ ಎದ್ದು ಅತ್ತಿದ್ದರೆ ಚೆನ್ನಾಗಿತ್ತು. ಐದು." ಒಬ್ಬ ಟ್ರಂಪೆಟ್ಟಿನವನಿಗೆ ಡಾಕ್ಟ್ರಮ್ಮ ಬರೆದದ್ದು: "ಮುಂದಿನ ಎರಡು ಹಲ್ಲು ಕಟ್ಟಿಸಿದವು, ಬೇಕಾದರೆ ಪಂದ್ಯ. ಆದರೂ ಎಂಟು." ಹದಿನೇಳು ಜನರ ದೊಡ್ಡ ಬ್ಯಾಂಡಿಗೆ ಮೇಷ್ಟ್ರ ಷರಾ ಹೀಗಿತ್ತು: "ಹದಿನೇಳು ಜನ ಒಟ್ಟಿಗೆ ಮಾತಾಡುವುದನ್ನು ಕೇಳಲು ನಮ್ಮ ಶಾಲೆಯ ಮೀಟಿಂಗೇ ಸಾಕು. ನಾಲ್ಕು."

ಪುಸ್ತಕದ ಮೊದಲ ಪುಟದಲ್ಲಿ ಮೇಷ್ಟ್ರ ದುಂಡು ಅಕ್ಷರದಲ್ಲಿ ಎರಡು ಸಾಲು ಇತ್ತು. ಇಲ್ಲಿ ನೆಂಟಸ್ತನ ನಡೆಯುವುದಿಲ್ಲ. ಬರೆದದ್ದನ್ನು ಅಳಿಸುವಂತಿಲ್ಲ.

ನೆಂಟಸ್ತನ ನಡೆಯದಿರಲಿ ಎಂದೇ ಒಂದು ಉಪಾಯ ಮಾಡಿಕೊಂಡಿದ್ದರು. ಹಿಂದೆಲ್ಲ ಡಾಕ್ಟ್ರಮ್ಮ ತಮಗಿಷ್ಟವಾದ ವಾದಕನ ಹೆಸರು ಕಂಡ ಕೂಡಲೇ, ಸೂಜಿ ರೆಕಾರ್ಡಿನ ಮೇಲೆ ಇಳಿಯುವ ಮೊದಲೇ, ಹತ್ತಕ್ಕೆ ಹತ್ತು ಕೊಟ್ಟುಬಿಡುತ್ತಿದ್ದರು. ಹಾಗಾಗಿ ಆಲ್ಬಮ್ ತರುವವರು ಅದನ್ನು ದಿಂಬಿನ ಗವಸಿನಲ್ಲಿ ಸುತ್ತಿ ತರಬೇಕು. ಉಳಿದವರು ಗೋಡೆ ಕಡೆ ಮುಖ ಮಾಡಿ ಕೂತಿರಬೇಕು. ತಂದವರು ರೆಕಾರ್ಡನ್ನು ಪ್ಲೇಯರಿಗೆ ಹಾಕಿ, ನಡುವಿನ ಲೇಬಲ್ ಕಾಣದ ಹಾಗೆ ಕಪ್ಪು ಬಟ್ಟೆಯ ದುಂಡನೆ ಬಿಲ್ಲೆ ಮುಚ್ಚಬೇಕು. ಆ ಬಿಲ್ಲೆಗೆ ಅಂಚು ಹೊಲಿದವನು ಸಾಕ್ಷಾತ್ ಸೂಜಿಯಪ್ಪನೇ. ಅಭಿಪ್ರಾಯ ಬರೆದು ಸಹಿ ಹಾಕಿದ ಮೇಲಷ್ಟೇ ಗವಸಿನಿಂದ ಕವರು ಹೊರಗೆ ಬರುತ್ತಿತ್ತು.

ಈ ಉಪಾಯ ಒಂದು ಮನೆಯನ್ನೇ ಮುರಿಯಿತು. ಸೂಜಿಯಪ್ಪನಿಗೆ ಒಬ್ಬನೇ ತಮ್ಮ. ಹಾಲುಹಲ್ಲಿನ ಕಾಲದಿಂದ ಏನಾದರೊಂದು ಊದುತ್ತಲೇ ಇದ್ದದ್ದರಿಂದ ಪೀಪಿ ಎಂದೇ ಕರೆಯುತ್ತಿದ್ದರು. ದೊಡ್ಡವನಾಗಿ ಸ್ಯಾಕ್ಸೊಫೋನ್ ಹಿಡಿದ, ಬೇರೆ ಊರಿನ ಬ್ಯಾಂಡು ಸೇರಿದ. ಆರು ವರ್ಷದ ಹಿಂದೆ ತನ್ನ ಮೊದಲ ಆಲ್ಬಮ್ಮನ್ನು ಗವಸಿನಲ್ಲಿ ಸುತ್ತಿ ತಾನೇ ತಂದು, ತಾನೇ ಹಾಕಿ, ಬೆನ್ನ ಹಿಂದೆ ಕೂತು ಮುಸಿಮುಸಿ ನಗುತ್ತಿದ್ದ. ಸೂಜಿಯಪ್ಪ ಕೇಳಿದ, ಬರೆದ: "ರೈಲು ತಪ್ಪುತ್ತದೆಯೇನೋ ಎಂಬ ಹಾಗೆ ಊದುತ್ತಾನೆ. ಇಷ್ಟು ಅವಸರವಿದ್ದವನು ಮನೆಯಿಂದ ಬೇಗ ಹೊರಡಬೇಕಿತ್ತು. ಮೂರು." ಆಮೇಲೆ ಕವರು ಹೊರಗೆ ಬಂತು. "ಅಣ್ಣಾ, ಇನ್ನೊಂದ್ಸಲ ಕೇಳು" ಎಂದ ಪೀಪಿ. "ಬರೆದದ್ದು ಬರೆದಾಯ್ತು" ಎಂದ ಸೂಜಿಯಪ್ಪ. ಪೀಪಿ ತನ್ನ ಟೀಯನ್ನು ಮುಟ್ಟದೆ ಎದ್ದು ಹೋದ. ಹೋದವನು ಆರು ವರ್ಷ ಈ ಹೊಸಿಲು ತುಳಿಯಲಿಲ್ಲ. ಅತ್ತಿಗೆಗೆ ಮಾತ್ರ ಫೋನು ಮಾಡುತ್ತಿದ್ದ. ಅಣ್ಣ ಪಕ್ಕದಲ್ಲೇ ಇದ್ದರೂ "ಎಲ್ಲಾ ಚೆನ್ನಾಗಿದಾರಾ?" ಎನ್ನುವ ಒಂದು ಬಹುವಚನದಲ್ಲಿ ಅವನನ್ನೂ ಸೇರಿಸಿ ಮುಗಿಸುತ್ತಿದ್ದ.

ಸೂಜಿಯಪ್ಪ ಹೊರಗೆ ಗಟ್ಟಿ, ಒಳಗೆ ಬೆಣ್ಣೆ. ತಮ್ಮನ ಮೇಲೆ ಪ್ರಾಣ. ಆದರೆ ತಾನಾಗಿ ಫೋನು ಮಾಡಲು ಬಾಯಿ ಬರಲಿಲ್ಲ. ಮೂರು ಎಂದು ಬರೆದ ಕೈಯಲ್ಲಿ ಫೋನು ಹಿಡಿದು ಏನು ಹೇಳುವುದು? ತಪ್ಪಾಯ್ತು ಅಂದರೆ ಸುಳ್ಳಾಗುತ್ತದೆ, ಸರಿ ಅಂದರೆ ಜಗಳ ಆಗುತ್ತದೆ. ಹೀಗೆ ಆರು ವರ್ಷ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಕೂತಿದ್ದ.

ಒಂದು ಭಾನುವಾರ ಅವನ ಹೆಂಡತಿ ಅಡುಗೆಮನೆಯಿಂದ ದಿಂಬಿನ ಗವಸು ಹಿಡಿದು ಬಂದಳು. "ಈ ವಾರ ನಂದು" ಎಂದಳು. ಮೂವರೂ ಬಾಯಿ ಬಿಟ್ಟರು. ಜಾಝ್ ಎಂದರೆ ಅವಳ ಪಾಲಿಗೆ ಭಾನುವಾರದ ನಿದ್ದೆ ಕೆಡಿಸುವ ಸದ್ದು, ಅಷ್ಟೆ.

"ನಿಂಗೆ ಇದೆಲ್ಲ ಯಾವಾಗಿಂದ?" ಎಂದ ಸೂಜಿಯಪ್ಪ.

"ತಿರುಗಿ ಗೋಡೆ ನೋಡ್ರೀ ಸುಮ್ನೆ."

ಗೋಡೆ ನೋಡಿದರು. ಅವಳು ರೆಕಾರ್ಡು ಹಾಕಿ, ಬಿಲ್ಲೆ ಮುಚ್ಚಿ, ಗುಂಡಿ ಒತ್ತಿದಳು. ಇಲ್ಲೇ ಆದದ್ದು ಎಡವಟ್ಟು. ರೆಕಾರ್ಡುಗಳಲ್ಲಿ ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗಬೇಕಾದವು ಇವೆ, ನಲವತ್ತೈದು ತಿರುಗಬೇಕಾದವೂ ಇವೆ. ಸಾಮಾನ್ಯವಾಗಿ ದೊಡ್ಡದಕ್ಕೆ ಮೂವತ್ತಮೂರು, ಚಿಕ್ಕದಕ್ಕೆ ನಲವತ್ತೈದು. ಅಪರೂಪಕ್ಕೊಂದು ದೊಡ್ಡದು ನಲವತ್ತೈದರದ್ದು ಬರುತ್ತದೆ, ಅದು ಲೇಬಲ್ ಓದಿದವರಿಗೆ ಗೊತ್ತಾಗುತ್ತದೆ. ಲೇಬಲ್ ಓದದವಳು ಹಾಕಿದಳು, ಓದಬಲ್ಲವರು ಗೋಡೆ ನೋಡುತ್ತಿದ್ದರು, ಪ್ಲೇಯರಿನ ಗುಂಡಿ ವರ್ಷಾನುಗಟ್ಟಲೆ ಇದ್ದ ಹಾಗೆ ಮೂವತ್ತಮೂರರಲ್ಲೇ ಇತ್ತು.

ನಲವತ್ತೈದರಲ್ಲಿ ಓಡಬೇಕಾದ ಸಂಗೀತ ಮೂವತ್ತಮೂರರಲ್ಲಿ ತೆವಳುತ್ತ ಬಂತು. ಏನು ಗಾಂಭೀರ್ಯ! ಏನು ಆಳ! ಡಾಕ್ಟ್ರಮ್ಮ ಕಣ್ಣು ಮುಚ್ಚಿದರು. "ದೊಡ್ಡ ಸ್ಯಾಕ್ಸೊಫೋನು, ಹೊಟ್ಟೆಯಿಂದ ಊದ್ತಿದಾನೆ" ಎಂದು ಪಿಸುಗುಟ್ಟಿದರು. ಮೇಷ್ಟ್ರು ಸ್ಟಾಪ್‌ವಾಚು ಒತ್ತಿ ಮೊದಲ ಹಾಡಿಗೆ ಒಂಬತ್ತು ನಿಮಿಷ ಇಪ್ಪತ್ತೇಳು ಸೆಕೆಂಡು ಎಂದು ಗುರುತು ಹಾಕಿಕೊಂಡರು. ಮೂರನೇ ಹಾಡಿನಲ್ಲಿ ಸ್ಯಾಕ್ಸೊಫೋನ್ ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಒಂದು "ಡಬ್" ಎನ್ನುವ ಮೆತ್ತನೆಯ ಸದ್ದು. "ಡ್ರಮ್ಮಿನವನು ಎಷ್ಟು ಯೋಚನೆ ಮಾಡಿ ಒಂದೊಂದು ಪೆಟ್ಟು ಇಡ್ತಿದಾನೆ ನೋಡಿ" ಎಂದರು ಡಾಕ್ಟ್ರಮ್ಮ. ಸೂಜಿಯಪ್ಪ ಗೋಡೆಗೆ ಹಣೆ ಆನಿಸಿಕೊಂಡು ಕೇಳುತ್ತಿದ್ದ.

ಹೆಂಡತಿ ಟೀ ತಂದವಳು ಬಾಗಿಲಲ್ಲೇ ನಿಂತಳು. "ಅಯ್ಯೋ, ಊದೋನಿಗೆ ಮೈಯಲ್ಲಿ ಹುಷಾರಿಲ್ವೇನ್ರೀ? ಏಳಕ್ಕೇ ಆಗ್ತಿಲ್ಲ ಅವ್ನಿಗೆ!"

"ಶ್! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನಿಂಗೆ" ಎಂದ ಸೂಜಿಯಪ್ಪ. ಆ ಮಧ್ಯಾಹ್ನ ಆ ಕೋಣೆಯಲ್ಲಿ ಸರಿಯಾದ ಅಭಿಪ್ರಾಯ ಹೇಳಿದವಳು ಅವಳೊಬ್ಬಳೇ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಸೂಜಿಯಪ್ಪ ಬರೆದ: "ಎಲ್ಲಿಗೂ ಹೋಗುವ ಆತುರವಿಲ್ಲದ ಮನುಷ್ಯ. ಇವನ ಪಕ್ಕ ಕೂತು ಒಂದು ಕಪ್ ಟೀ ಕುಡಿಯಬೇಕು ಅನ್ನಿಸಿತು. ಒಂಬತ್ತು." ಇಪ್ಪತ್ತು ವರ್ಷದಲ್ಲಿ ಅವನು ಒಂಬತ್ತು ಕೊಟ್ಟದ್ದು ಅದೇ ಮೊದಲು. ಗವಸಿನಿಂದ ಕವರು ಹೊರಗೆ ಬಂತು. ಕವರಿನ ಮೇಲೆ ಪೀಪಿ, ಕಿವಿಯ ಹತ್ತಿರ ಒಂದೆರಡು ನರೆಗೂದಲು, ತೋಳಿನಲ್ಲಿ ಅದೇ ಹಳೆಯ ಸಣ್ಣ ಸ್ಯಾಕ್ಸೊಫೋನ್.

"ನನ್ನ ಹೆಸರಿಗೆ ಕಳಿಸಿದ್ದ. ಅಣ್ಣಂಗೆ ತೋರಿಸ್ಬೇಡಿ ಅತ್ತಿಗೆ ಅಂದಿದ್ದ. ಅದಕ್ಕೇ ತೋರಿಸ್ದೆ" ಎಂದಳು ಹೆಂಡತಿ. "ಹಿತ್ತಲ ಗಿಡ ಮದ್ದಲ್ಲ ಅಂತ ಕೂತಿದ್ರಲ್ಲ, ಈಗೇನಂತೀರಿ?"

ಸೂಜಿಯಪ್ಪ ಷರಟಿನ ತೋಳಿನಿಂದ ಮುಖ ಒರೆಸಿಕೊಂಡ. ಖುಷಿಗೆ ಅಳು ಬರುತ್ತದೆ ಎಂದು ಅವನಿಗೆ ಆವತ್ತೇ ಗೊತ್ತಾದದ್ದು. ಇಷ್ಟೆಲ್ಲದರ ನಡುವೆ ಮೇಷ್ಟ್ರು ಕವರಿನ ಹಿಂಭಾಗ ಓದುತ್ತ ನಾಲಿಗೆ ಲೊಚಗುಟ್ಟಿದರು. "ಮೊದಲ್ನೇದು ಏಳು ನಿಮಿಷ ಅಂತ ಹಾಕಿದಾರೆ. ಎಲ್ಲಾ ತಪ್ಪು. ಅಚ್ಚಿನವರಿಗೆ ಈಚೆಗೆ ಶ್ರದ್ಧೆಯೇ ಇಲ್ಲ ಕಣ್ರೀ." ಪೆನ್ಸಿಲ್ ತೆಗೆದು ಆರೂ ಹಾಡಿನ ಸಮಯವನ್ನು ತಿದ್ದಿದರು. ದೊಡ್ಡ ಸ್ಯಾಕ್ಸೊಫೋನ್ ಊದಿದವನು ಫೋಟೋದಲ್ಲಿ ಸಣ್ಣದು ಯಾಕೆ ಹಿಡಿದಿದ್ದಾನೆ ಎಂದು ಡಾಕ್ಟ್ರಮ್ಮ ಕೇಳಿದ್ದಕ್ಕೆ, "ಫೋಟೋಗೆ ಹಗುರ ಇರೋದು ಹಿಡ್ಕೊಂಡಿರ್ತಾನೆ" ಎಂದು ಅದನ್ನೂ ಅವರೇ ಬಗೆಹರಿಸಿದರು. ಓದಿದವರು ಎಡವಟ್ಟು ಮಾಡಿಕೊಂಡರೆ ಹೀಗೆ, ಕಾರಣ ಸಮೇತ ಮಾಡಿಕೊಳ್ಳುತ್ತಾರೆ.

ಹೆಂಡತಿ ಅಷ್ಟು ಹೊತ್ತಿಗೆ ಫೋನಿನಲ್ಲಿದ್ದಳು. "ಒಂಬತ್ತು ಕಣೋ! ನಿಮ್ಮಣ್ಣನೇ! ಗೊತ್ತಿಲ್ದೇ ಕೊಟ್ಟಿದ್ದು. ನಿನ್ನ ಪಕ್ಕ ಕೂತು ಟೀ ಕುಡೀಬೇಕಂತೆ, ಬರೆದಿದಾರೆ, ಓದ್ಲಾ?" ಆ ಕಡೆಯವನು ಅದನ್ನು ಎರಡು ಸಲ ಓದಿಸಿದನಂತೆ. ಆಮೇಲೆ, "ಮುಂದಿನ ಭಾನುವಾರ ಬರ್ತೀನಿ ಅತ್ತಿಗೆ" ಎಂದನಂತೆ.

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಸೂಜಿಯಪ್ಪ ಬೆಂಚಿನ ಮೇಲಿನ ದೀಪದ ಕೆಳಗೆ ಕವರನ್ನು ಇಟ್ಟುಕೊಂಡು ತಮ್ಮನ ಮುಖ ನೋಡುತ್ತಿದ್ದ. ಸುಮ್ಮನೆ, ನೋಡೋಣ ಎಂದು. ತಿರುಗಿಸಿದ. ಆರು ಹಾಡು, ಆರು ತಿದ್ದುಪಡಿ. ಒಂದು ತಪ್ಪಾಗಬಹುದು, ಎರಡಾಗಬಹುದು. ಆರಕ್ಕೆ ಆರೂ ಹೇಗೆ ತಪ್ಪಾದಾವು? ಅದೂ ಎಲ್ಲವೂ ಒಂದೇ ಲೆಕ್ಕದಲ್ಲಿ ಉದ್ದ? ರೆಕಾರ್ಡು ತೆಗೆದು ಲೇಬಲ್ಲಿಗೆ ಭೂತಗನ್ನಡಿ ಹಿಡಿದ. ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ನಲವತ್ತೈದು ಎಂದಿತ್ತು.

ಪ್ಲೇಯರಿನ ಗುಂಡಿ ತಿರುಗಿಸಿ ಸೂಜಿ ಇಳಿಸಿದ. ಅಬ್ಬಾ! ಸ್ಯಾಕ್ಸೊಫೋನ್ ಬಾಗಿಲು ಒದ್ದುಕೊಂಡು ಬಂದ ಹಾಗೆ ಬಂತು. ಅದೇ ಸಣ್ಣ ಸ್ಯಾಕ್ಸೊಫೋನು, ಅದೇ ಪೀಪಿ, ಅದೇ ರೈಲು ತಪ್ಪುವ ಅವಸರ. ಆರು ವರ್ಷದಲ್ಲಿ ಕಡಿಮೆಯಾಗುವುದಿರಲಿ, ಇನ್ನಷ್ಟು ಜಾಸ್ತಿಯಾಗಿತ್ತು. ಒಂಬತ್ತು ಕೊಟ್ಟದ್ದು ಯಾರಿಗೆ ಹಾಗಾದರೆ? ಆ ಆತುರವಿಲ್ಲದ ಮನುಷ್ಯ ಎಲ್ಲೂ ಇರಲೇ ಇಲ್ಲ. ಭಾನುವಾರ ಬರುವವನು ಇವನು.

ಮಧ್ಯಾಹ್ನದ ಊಟದ ಹೊತ್ತಿಗೆ ತುರ್ತು ಸಭೆ ಸೇರಿತು.

"ಹೇಳ್ಲೇಬೇಡಿ" ಎಂದಳು ಹೆಂಡತಿ. "ಬರ್ತಾನೆ, ಟೀ ಕುಡೀತಾನೆ, ಹೋಗ್ತಾನೆ. ಅಲ್ಲಿಗೆ ಮುಗೀತು. ಆರು ವರ್ಷಕ್ಕೆ ಒಂದ್ಸಲ ಮನೆಗೆ ಬರೋನ ಮುಂದೆ ಈ ಪುರಾಣ ಬೇಕಾ?"

"ನಾನು ಹಲ್ಲು ಕೀಳೋ ಮುಂಚೆ ನೋವೇ ಆಗಲ್ಲ ಅಂತೀನಿ" ಎಂದರು ಡಾಕ್ಟ್ರಮ್ಮ. "ಸುಳ್ಳಲ್ವಾ? ಆದ್ರೂ ಮುಂದಿನ್ಸಲ ಅವ್ರೇ ಬರ್ತಾರೆ."

ಮೇಷ್ಟ್ರು ರಬ್ಬರಿನಿಂದ ತಮ್ಮ ತಿದ್ದುಪಡಿಗಳನ್ನು ಒಂದೊಂದಾಗಿ ಅಳಿಸುತ್ತಿದ್ದರು. ಅವರ ಮುಖ ಸಾವಿನ ಮನೆಗೆ ಬಂದವರ ಹಾಗಿತ್ತು. "ಮೂವತ್ತು ವರ್ಷದ ಸರ್ವೀಸಲ್ಲಿ ಸರಿ ಇದ್ದದ್ದನ್ನ ತಪ್ಪು ಮಾಡಿದ್ದು ಇದೇ ಮೊದಲು" ಎಂದರು.

"ಗೊತ್ತಿಲ್ದೇ ಮೂರು ಕೊಟ್ಟಾಗ ಅದು ಸತ್ಯ ಅಂತ ಎದೆ ಉಬ್ಬಿಸ್ಕೊಂಡು ಕೂತೆ" ಎಂದ ಸೂಜಿಯಪ್ಪ. "ಈಗ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಒಂಬತ್ತು ಕೊಡ್ಲಾ? ಅವನ ಮುಖ ಹೆಂಗೆ ನೋಡ್ಲಿ?"

"ಆರು ವರ್ಷ ನೋಡದೇ ಇದ್ರಲ್ಲ, ಹಂಗೇ ನೋಡಿ" ಎಂದಳು ಹೆಂಡತಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಸಿಟ್ಟಲ್ಲ ಅದು, ಹೆದರಿಕೆ. ಮೈದುನ ಮತ್ತೆ ಎದ್ದು ಹೋದರೆ ಈ ಸಲ ಫೋನೂ ನಿಂತೀತು ಎಂದು ಅವಳಿಗೆ ಭಯ. ಸೂಜಿಯಪ್ಪನಿಗೂ ಅದೇ ಭಯ.

ಆ ಭಯದಲ್ಲೇ ಆ ವಾರವೆಲ್ಲ ಕೆಲಸ ಮಾಡುತ್ತ ರೆಕಾರ್ಡನ್ನು ನಲವತ್ತೈದರಲ್ಲಿ ಓಡಿಸಿದ. ಏನಾದರೂ ಒಳ್ಳೆಯದು ಸಿಕ್ಕೀತೇ ಎಂದು ಹುಡುಕುವವನ ಹಾಗೆ. ಬುಧವಾರ ಎರಡನೇ ಹಾಡಿಗೆ ಬೈದ. ಗುರುವಾರ ಕಾರ್ಖಾನೆಯೊಂದರ ದೊಡ್ಡ ಮಿಷನ್ ಬಂದಿತ್ತು. ಎಣ್ಣೆ ಬಿಟ್ಟು, ಮೋಟರ್ ಹಾಕಿ, ಪೂರ್ತಿ ವೇಗದಲ್ಲಿ ಓಡಿಸಿ ನೋಡುತ್ತಿದ್ದ. ಹಿಂದಿನ ಕೋಣೆಯಲ್ಲಿ ಮೂರನೇ ಹಾಡು ಶುರುವಾಯಿತು. ಸೂಜಿಯಪ್ಪನ ಕೈ ಹಾಗೇ ನಿಂತಿತು. ಹಾಡು, ಮಿಷನ್ನು ಎರಡೂ ಒಂದೇ ಓಟದಲ್ಲಿ, ಒಂದು ಹೊಲಿಗೆಯೂ ಹೆಚ್ಚುಕಡಿಮೆಯಿಲ್ಲದೆ ಜೊತೆಜೊತೆಗೆ ಹೋಗುತ್ತಿದ್ದವು.

ಅಲ್ಲ, ಪೀಪಿ ಊದಲು ಕಲಿತದ್ದಾದರೂ ಎಲ್ಲಿ? ಇದೇ ಅಂಗಡಿಯಲ್ಲಿ. ಇವನು ಇಲ್ಲಿ ಮಿಷನ್ ಓಡಿಸುತ್ತಿದ್ದ, ಅವನು ಅಲ್ಲಿ ಮೂಲೆಯಲ್ಲಿ ನಿಂತು ಊದುತ್ತಿದ್ದ. ಸದ್ದು ಕಡಿಮೆ ಮಾಡೋ ಎಂದು ಇವನು, ನೀನು ನಿಧಾನ ಓಡಿಸು ಎಂದು ಅವನು. ಇವನು ನಿಧಾನ ಓಡಿಸಲಿಲ್ಲ. ಅವನು ಬಿಡಲಿಲ್ಲ, ಮಿಷನ್ನಿಗೆ ಸರಿಸಮ ಓಡಲು ಕಲಿತ. ರೈಲೂ ಅಲ್ಲ, ಅವಸರವೂ ಅಲ್ಲ. ಅಣ್ಣನ ಮಿಷನ್ನಿನ ಓಟವನ್ನು ಅವನು ಊರೂರಿಗೆ ಹೊತ್ತುಕೊಂಡು ಹೋಗಿದ್ದ, ಅದಕ್ಕೆ ಅಣ್ಣನೇ ಮೂರು ಕೊಟ್ಟಿದ್ದ. "ಥೂ ನನ್ನ ಕಿವಿಗಿಷ್ಟು!" ಎಂದುಕೊಂಡ ಸೂಜಿಯಪ್ಪ. ಮೋಟರ್ ಆರಿಸಿ, ಆ ಹಾಡನ್ನು ಮತ್ತೆ ಮೊದಲಿಂದ ಹಾಕಿ, ಸ್ಪೀಕರಿಗೆ ಕಿವಿ ಹಚ್ಚಿ ಕೂತ. ಆಗ ಇನ್ನೊಂದು ಕೇಳಿಸಿತು. ಕೇಳಿದವನು ಎದ್ದು ಹೋಗಿ, ಹಳೆಯ ಡ್ರಾಯರಿನಿಂದ ಒಂದು ಹರಿದ ತೊಗಲಿನ ಕೈಗವಸು ಹುಡುಕಿ ತೆಗೆದು, ಚೂರೊಂದನ್ನು ದುಂಡಗೆ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡ.

ಭಾನುವಾರ ಮೂರಕ್ಕೆ ಸರಿಯಾಗಿ ಅರ್ಧ ಇಳಿದ ಷಟರಿನ ಕೆಳಗೆ ಮೊದಲು ಸ್ಯಾಕ್ಸೊಫೋನಿನ ಪೆಟ್ಟಿಗೆ, ಆಮೇಲೆ ಪೀಪಿ ಒಳಗೆ ಬಂದರು. ಅತ್ತಿಗೆ ಅವನ ಕೆನ್ನೆ ಹಿಡಿದು "ಎಷ್ಟು ಸೊರಗಿದೀಯೋ" ಎಂದಳು. ಅವನೇನೂ ಸೊರಗಿರಲಿಲ್ಲ, ದುಂಡಗೇ ಇದ್ದ. ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡಿ, "ಹೂಂ, ಬಂದ್ಯಾ" "ಹೂಂ, ಬಂದೆ" ಎಂದರು. ಡಾಕ್ಟ್ರಮ್ಮ ಅಗತ್ಯಕ್ಕಿಂತ ಜಾಸ್ತಿ ನಕ್ಕರು. ಮೇಷ್ಟ್ರು ಹವಾಮಾನದ ವಿಷಯ ಎತ್ತಿದರು.

ಟೀ ಬಂತು. ಪೀಪಿ ಕಪ್ಪನ್ನು ಎತ್ತಿಕೊಂಡ, ಕುಡಿಯಲಿಲ್ಲ. "ಒಂದ್ಸಲ ಹಾಕು ಅಣ್ಣ" ಎಂದ. "ನೀವೆಲ್ಲ ಕೇಳಿದ ಹಾಗೇ ನಾನೂ ಕೂತು ಕೇಳ್ಬೇಕು."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕಣ್ಣಲ್ಲೇ ಬೇಡ ಎಂದಳು. ಸೂಜಿಯಪ್ಪ ಎದ್ದ. ರೆಕಾರ್ಡು ಹಾಕಿದ. ಗುಂಡಿಯನ್ನು ಮೂವತ್ತಮೂರಕ್ಕೆ ತಿರುಗಿಸಿದ. "ನಾವು ಕೇಳಿದ್ದು ಹೀಗೆ" ಎಂದ.

ತೆವಳುವ ಸಂಗೀತ ಶುರುವಾಯಿತು. ಪೀಪಿಯ ಹುಬ್ಬು ಮೇಲೆ ಹೋಯಿತು. ಅವನು ಪ್ಲೇಯರನ್ನು ನೋಡಿದ, ಅಣ್ಣನನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಮೇಷ್ಟ್ರು ತಮ್ಮ ಬೂಟು ನೋಡಿಕೊಂಡರು.

"ನಲವತ್ತೈದರದ್ದು ಅಂತ ಗೊತ್ತಾಗ್ಲಿಲ್ಲ" ಎಂದ ಸೂಜಿಯಪ್ಪ. "ಲೇಬಲ್ ಮುಚ್ಚಿತ್ತು. ಮಂಗಳವಾರ ಗೊತ್ತಾಯ್ತು. ಹೇಳ್ಬಾರ್ದು ಅಂತ ಎಲ್ಲಾ ಅಂದ್ರು, ನನ್ನ ಕೈಲಿ ಆಗ್ಲಿಲ್ಲ."

ಪೀಪಿ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. "ಹಾಗಾದ್ರೆ ಟೀ ಕುಡೀಬೇಕು ಅಂತ ಬರೆದಿದ್ದು ನನ್ನ ಜೊತೆ ಅಲ್ಲ" ಎಂದ. "ಇವನ್ಯಾರೋ, ಇವನ ಜೊತೆ." ಎದ್ದು ನಿಂತು ಪೆಟ್ಟಿಗೆಗೆ ಕೈ ಹಾಕಿದ. ಬಾಗಿಲಲ್ಲಿದ್ದ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಹೋಗೋದಾದ್ರೆ ಹೋಗು" ಎಂದ ಸೂಜಿಯಪ್ಪ. "ಪೆಟ್ಟಿಗೆ ಮಾತ್ರ ಇಟ್ಟು ಹೋಗು. ಎಡಗೈ ಕಿರುಬೆರಳು ಒತ್ತೋ ತೂತಿನ ಮುಚ್ಚಳದ ತೊಗಲು ಸವೆದಿದೆ."

ಪೀಪಿ ಅಲ್ಲೇ ನಿಂತ. "ಏನು?"

"ನಾನೇ ಹಾಕಿಕೊಟ್ಟಿದ್ದಲ್ವಾ, ನೀನು ಊರು ಬಿಟ್ಟು ಹೋಗೋ ಹಿಂದಿನ ದಿನ, ಕೈಗವಸು ಕತ್ತರಿಸಿ. ಅದೇ ಇದೆ ಇನ್ನೂ. ಸವೆದು ಲೋಹಕ್ಕೆ ಲೋಹ ತಾಗ್ತಿದೆ. ಬೆರಳು ಬಿಟ್ಟಾಗೆಲ್ಲ ಟಪ್ ಅಂತದೆ."

"ನೀನು ನನ್ನ ಪೆಟ್ಟಿಗೆ ತೆಗೆದೇ ನೋಡಿಲ್ಲ. ನಿಂಗೆ ಹೆಂಗೆ ಗೊತ್ತು?"

"ಮೂರನೇ ಹಾಡಲ್ಲಿ ಕೇಳಿಸ್ತು. ಹನ್ನೊಂದು ಸಲ."

ಸ್ಪೀಕರಿನಲ್ಲಿ ಆ ಯಾರೋ ಆತುರವಿಲ್ಲದ ಮನುಷ್ಯ ಒಬ್ಬನೇ ಊದಿಕೊಂಡಿದ್ದ. ಸೂಜಿಯಪ್ಪ ಜೇಬಿನಿಂದ ಆ ದುಂಡನೆ ತೊಗಲಿನ ಚೂರು ತೆಗೆದು ಅಂಗೈಯಲ್ಲಿ ಚಾಚಿದ. "ಆರು ವರ್ಷದಲ್ಲಿ ಯಾರ ಹತ್ರಾನಾದ್ರೂ ಹಾಕಿಸ್ಕೊಳ್ಬಾರ್ದಿತ್ತಾ? ಊರೂರು ತಿರುಗ್ತೀಯ, ರಿಪೇರಿಯವರು ಸಿಗಲ್ವಾ?"

"ಬೇರೆಯವ್ರ ಕೈಗೆ ಕೊಡಕ್ಕೆ ಮನಸು ಬರ್ಲಿಲ್ಲ" ಎಂದ ಪೀಪಿ. ಹೇಳಿದವನು ಮುಖ ಆಚೆ ತಿರುಗಿಸಿದ.

ಆಮೇಲೆ ಹೆಚ್ಚು ಮಾತು ನಡೆಯಲಿಲ್ಲ, ಕೆಲಸ ನಡೆಯಿತು. ಪೆಟ್ಟಿಗೆ ತೆರೆದರು. ಸೂಜಿಯಪ್ಪ ಮುಚ್ಚಳ ಬಿಚ್ಚಿದ, ಸವೆದ ತೊಗಲು ಕೆರೆದು ತೆಗೆದ, ಹೊಸದನ್ನು ಅಂಟಿಸಿದ. ಪೀಪಿ ಮಗ್ಗುಲಲ್ಲಿ ದೀಪ ಹಿಡಿದು "ಇನ್ನೊಂಚೂರು ಎಡಕ್ಕೆ" ಎನ್ನುತ್ತಿದ್ದ, "ನಂಗೆ ಹೇಳ್ಕೊಡ್ಬೇಡ" ಎಂದು ಇವನು. ಅಂಟು ಒಣಗುವವರೆಗೆ ರೆಕಾರ್ಡನ್ನು ನಲವತ್ತೈದರಲ್ಲಿ ಮೊದಲಿಂದ ಕೊನೆಯವರೆಗೆ ಎಲ್ಲರೂ ಕೂತು ಕೇಳಿದರು. ಮೂರನೇ ಹಾಡಿನಲ್ಲಿ ಟಪ್ ಎಂದಾಗಲೆಲ್ಲ ಡಾಕ್ಟ್ರಮ್ಮ ತಲೆ ಚಚ್ಚಿಕೊಂಡರು. "ಡ್ರಮ್ಮಿನವನು ಅಂತ ಹೊಗಳಿದ್ನಲ್ಲಪ್ಪ! ಅರ್ಧ ಮಾರ್ಕು ಅದಕ್ಕೇ ಹಾಕಿದ್ದೆ!"

"ಈ ಸಲ ಊದೋನು ಹುಷಾರಾಗಿದಾನೆ" ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. "ನಾನು ಆವತ್ತೇ ಹೇಳ್ದೆ. ನನ್ನ ಮಾತು ಯಾರು ಕೇಳ್ತೀರಿ?"

ಹಾಡು ಮುಗಿಯಿತು. ಸೂಜಿಯಪ್ಪ ಪುಸ್ತಕ ಎಳೆದುಕೊಂಡು ಹಿಂದಿನ ವಾರದ ಒಂಬತ್ತರ ಕೆಳಗೆ ಬರೆಯತೊಡಗಿದ. ಪೀಪಿ ಅವನ ಭುಜದ ಮೇಲಿಂದ ಬಗ್ಗಿ ಓದಿದ.

"ಏಳಾ?" ಎಂದ. "ಏಳು ಯಾಕೆ? ಆ ಎರಡು ಮಾರ್ಕು ಎಲ್ಲಿ ಹೋಯ್ತು?"

"ಎರಡನೇ ಹಾಡು ಹಾಳು ಮಾಡಿದೀಯ. ನಡುವೆ ಉಸಿರೇ ಬಿಡಲ್ಲ ನೀನು, ಕೇಳೋರಾದ್ರೂ ಬಿಡ್ಬೇಡ್ವಾ?"

"ಅದೇ ಹಾಡಿಗೆ ಎಲ್ಲಾ ಕಡೆ ಚಪ್ಪಾಳೆ ಬಿದ್ದಿರೋದು!"

"ಮುಗೀತಲ್ಲ ಅಂತ ಬಿದ್ದಿರತ್ತೆ."

"ನೋಡಿ ಅತ್ತಿಗೆ ಇವನ್ನ! ಸರಿ, ಆ ಮೂವತ್ತಮೂರರವನಿಗೆ ಒಂಬತ್ತು, ನಂಗೆ ಏಳು, ಅಲ್ವಾ?" ಎಂದ ಪೀಪಿ. ಎಂದವನಿಗೇ ನಗು ಬಂತು. "ಆದ್ರೂ ಚೆನ್ನಾಗೇ ಊದ್ತಾನೆ ಕಣೋ ಆ ನನ್ಮಗ."

ಜಗಳ ಜೋರಾಯಿತು. ಎರಡನೇ ಹಾಡನ್ನು ನಾಲ್ಕು ಸಲ ಹಾಕಿದರು. ಜಗಳದ ನಡುವೆ ಪೀಪಿ ಕೈಗೆ ಸಿಕ್ಕ ಕಪ್ಪನ್ನು ಎತ್ತಿ, ಆರಿ ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು, "ಇನ್ನೊಂದು ಕೊಡಿ ಅತ್ತಿಗೆ, ಇವನ ಜೊತೆ ವಾದ ಮಾಡಕ್ಕೆ ಶಕ್ತಿ ಬೇಕು" ಎಂದ. ಅತ್ತಿಗೆ ಒಲೆ ಹಚ್ಚಲು ಓಡಿದಳು.

ಮೇಷ್ಟ್ರು ಅಭ್ಯಾಸಬಲದಿಂದ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. "ಮಿಷನ್ನಿನ ಜೊತೆ ಓಡಿ ಗೆದ್ದವನು. ಎರಡನೇ ಹಾಡು ಬಿಟ್ಟರೆ ಎಲ್ಲ ಸರಿ. ಏಳು." ಕೆಳಗೆ ಸೂಜಿಯಪ್ಪ ಎನ್ನುವ ಸಹಿ ಇರಬೇಕಾದ ಜಾಗದಲ್ಲಿ "ಅಣ್ಣ" ಎಂದಿತ್ತು. ನೆಂಟಸ್ತನ ನಡೆಯುವುದಿಲ್ಲ ಎಂದು ಮೊದಲ ಪುಟದಲ್ಲಿ ಬರೆದವರು ಅವರೇ ತಾನೇ? ಜೇಬಿನಿಂದ ಪೆನ್ಸಿಲ್ ತೆಗೆದರು. ಇನ್ನೊಮ್ಮೆ ಓದಿದರು. ಪೆನ್ಸಿಲನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಎರಡನೇ ಹಾಡಿನ ವಿಷಯದಲ್ಲಿ ತಾವು ತಮ್ಮನ ಪಕ್ಷ ಎಂದರು.